ಒಪ್ಪದವರನ್ನು ಮನೋರೋಗ ವಾರ್ಡ್‌ಗೆ ಸೇರಿಸಬೇಕಾಗಿ ಬಂದರೆ: ಮನೆಯವರಿಗೊಂದು ಮಾರ್ಗದರ್ಶಿ

"ತಮ್ಮ ಮಾತ್ರೆ ನಿಲ್ಲಿಸಿದ್ದಾನೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆ ಅಂತ ಜಗಳಕ್ಕೆ ಹೋಗುತ್ತಾನೆ. ಆಸ್ಪತ್ರೆ ಅಂದ ತಕ್ಷಣ ಬಾಗಿಲು ಹಾಕಿಕೊಳ್ಳುತ್ತಾನೆ. ಬಲವಂತವಾಗಿ ಸೇರಿಸಬಹುದಾ? ಕೋರ್ಟ್ ಆರ್ಡರ್ ಬೇಕಾ?"

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ತಮ್ಮನ ಜಾಗದಲ್ಲಿ ಕೆಲವೊಮ್ಮೆ ಅಮ್ಮ, ಕೆಲವೊಮ್ಮೆ ಹೆಂಡತಿ, ಕುಡಿತ ಬಿಡಲಾಗದ ಅಪ್ಪ. ಚಿಕ್ಕ ಉತ್ತರ ಹೀಗಿದೆ: ಸೇರಿಸಬಹುದು, ಕೋರ್ಟ್ ಆರ್ಡರ್ ಬೇಡ. ಆದರೆ ನಿಮ್ಮ ಸಹಿ ಒಂದೇ ಸಾಲದು. ಮತ್ತೆ ಆ ಸಹಿಗೆ ಅವಧಿ ಇದೆ. ಒಮ್ಮೆ ಒಳಗೆ ಬಿಟ್ಟು ಬಂದರೆ ಮುಗಿಯಿತು ಅನ್ನುವ ಕಾಲ ಹೋಯಿತು.

ಈಗ ನಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರ ಮೇ 29ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು 1987ರ ಕಾಯ್ದೆ ಇತ್ತು. ಮ್ಯಾಜಿಸ್ಟ್ರೇಟರ ಆದೇಶ ತಂದು ಸೇರಿಸುವ ದಾರಿ ಅದರಲ್ಲಿತ್ತು. "ಕೋರ್ಟ್ ಆರ್ಡರ್ ತನ್ನಿ" ಎಂದು ಊರಿನ ಹಿರಿಯರು ಇವತ್ತಿಗೂ ಹೇಳುವುದು ಆ ನೆನಪಿನಲ್ಲಿ.

ಮುಂದೆ ಹೋಗುವ ಮೊದಲು ಮೂರು ಪದ ತಿಳಿದುಕೊಳ್ಳಿ, ಆಸ್ಪತ್ರೆಯಲ್ಲಿ ಇವೇ ಓಡಾಡುತ್ತವೆ. ರೋಗಿಯ ಪರವಾಗಿ ನಿಂತು, ನಿರ್ಧಾರ ಮಾಡಲು ಅವರಿಗೆ ನೆರವಾಗುವವರು 'ನಾಮನಿರ್ದೇಶಿತ ಪ್ರತಿನಿಧಿ'. ಇಲ್ಲಿ ಸುಮ್ನೆ ಪ್ರತಿನಿಧಿ ಅನ್ನೋಣ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದ ರೋಗಿಯನ್ನು ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸಿಕೊಳ್ಳುವುದು 'ಸಪೋರ್ಟೆಡ್ ಅಡ್ಮಿಷನ್'. ಇಂಥ ದಾಖಲಾತಿಗಳ ಮೇಲೆ ಕಣ್ಣಿಡಲು, ದೂರು ಕೇಳಲು ಇರುವುದು 'ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ'. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅದರ ಅಧ್ಯಕ್ಷರು. ಮನೋವೈದ್ಯರ ಜೊತೆಗೆ, ಕಾಯಿಲೆ ಅನುಭವಿಸಿದವರು ಅಥವಾ ಅಂಥವರನ್ನು ನೋಡಿಕೊಂಡವರೂ ಸದಸ್ಯರಾಗಿರಬಹುದು.

1. ಇದು ತುರ್ತು ಪರಿಸ್ಥಿತಿಯೇ ಎಂದು ಮೊದಲು ನೋಡಿ

ಕೈಯಲ್ಲಿ ಕತ್ತಿ ಇದೆ, ಸಾಯುತ್ತೇನೆ ಎಂದು ಹೊರಟಿದ್ದಾರೆ, ದಿನಗಟ್ಟಲೆ ಅನ್ನ ನೀರು ಬಿಟ್ಟಿದ್ದಾರೆ. ಇಂಥ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆಯನ್ನೇ ಹುಡುಕಬೇಡಿ. 108ಕ್ಕೆ ಕರೆ ಮಾಡಿ. ಹೊಡೆದಾಟದ ಅಪಾಯ ಇದ್ದರೆ 112ಕ್ಕೂ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ.

"ನಮ್ಮಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ, ನಿಮ್ಹಾನ್ಸ್‌ಗೆ ಹೋಗಿ" ಎಂದು ಬಾಗಿಲಲ್ಲೇ ಕಳಿಸಿಬಿಡುವುದು ಬಹಳ ಕಡೆ ನಡೆಯುತ್ತದೆ. ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ನೋಂದಾಯಿತ ಯಾವ ವೈದ್ಯರೂ ತುರ್ತು ಚಿಕಿತ್ಸೆ ಕೊಡಬಹುದು. ಜೀವಕ್ಕೆ ಅಪಾಯ ತಪ್ಪಿಸಲು, ತನಗೋ ಬೇರೆಯವರಿಗೋ ಗಂಭೀರ ಹಾನಿ ಮಾಡುವುದನ್ನು ತಡೆಯಲು ಇದು ಸಾಕು. ಪ್ರತಿನಿಧಿ ಅಲ್ಲೇ ಇದ್ದರೆ ಅವರ ಒಪ್ಪಿಗೆ ಕೇಳಬೇಕು. ರೋಗಿಯನ್ನು ಮನೋರೋಗ ಚಿಕಿತ್ಸೆ ಇರುವ ಆಸ್ಪತ್ರೆಗೆ ಸಾಗಿಸುವುದೂ ಈ ತುರ್ತು ಚಿಕಿತ್ಸೆಯಲ್ಲೇ ಸೇರುತ್ತದೆ. ಜಗಳ ಬೇಡ, ಆದರೆ ಈ ಸೆಕ್ಷನ್ ಹೆಸರು ಮೆಲ್ಲಗೆ ಹೇಳಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ.

ಈ ತುರ್ತು ಅಧಿಕಾರ ಹೆಚ್ಚೆಂದರೆ 72 ಗಂಟೆ. ಅಷ್ಟರೊಳಗೆ ಮನೋರೋಗ ವಿಭಾಗದಲ್ಲಿ ಪರೀಕ್ಷೆ ಆದರೆ ಅಲ್ಲಿಗೇ ಮುಗಿಯುತ್ತದೆ. ತುರ್ತು ಅಂತ ಹೇಳಿ ಶಾಕ್ ಟ್ರೀಟ್‌ಮೆಂಟ್ ಕೊಡುವಂತಿಲ್ಲ.

ಪೊಲೀಸರ ಬಗ್ಗೆ ಒಂದು ಮಾತು. ಬೀದಿಯಲ್ಲಿ ಅಲೆಯುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿ ಕಂಡರೆ ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. "ಒಂದು ರಾತ್ರಿ ಸ್ಟೇಷನ್‌ನಲ್ಲಿ ಇಟ್ಟರೆ ಸರಿಹೋಗ್ತಾನೆ" ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

2. ತುರ್ತಲ್ಲದಿದ್ದರೆ, ಒಪ್ಪಿಸಲು ನೋಡಿ

ಸ್ವಂತ ಒಪ್ಪಿಗೆಯಿಂದ ಸೇರುವುದೇ ಕಾಯ್ದೆಯ ಮೊದಲ ದಾರಿ. ಬಲವಂತದ್ದು ಕೊನೆಯದು. ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಕೇಳುವುದಕ್ಕೆ ಮೊದಲೇ "ಅವನು ಒಪ್ಪಲ್ಲ ಬಿಡಿ" ಎಂದು ತೀರ್ಮಾನ ಮಾಡಿರುತ್ತೇವೆ.

ಕಾಯಿಲೆಯ ಹೆಸರು ಹಿಡಿದು ವಾದಕ್ಕೆ ಇಳಿಯಬೇಡಿ. "ನಿನಗೆ ಸ್ಕಿಜೋಫ್ರೇನಿಯಾ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅವರಿಗೇ ತೊಂದರೆ ಕೊಡುತ್ತಿರುವುದನ್ನು ಹಿಡಿಯಿರಿ. "ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ಅಲ್ವಾ, ನಿದ್ದೆಗೆ ಏನಾದರೂ ಕೇಳೋಣ" ಎಂದರೆ ಬಂದವರಿದ್ದಾರೆ. ಅವರು ನಂಬುವ ಒಬ್ಬರು ಮಾತಾಡಲಿ. ಸೋದರಮಾವನೋ, ಹಳೆಯ ಮೇಷ್ಟ್ರೋ, ಗೆಳೆಯನೋ ಆಗಬಹುದು.

ಏನು ಹೇಳಬೇಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ನಂಬರ್ 14416. ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ, ಹಣ ಇಲ್ಲ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಸುಳ್ಳು ಹೇಳಿ ಕರೆದೊಯ್ಯುವುದು. "ಧರ್ಮಸ್ಥಳಕ್ಕೆ ಹೋಗೋಣ" ಎಂದು ಕಾರು ಹತ್ತಿಸಿ ಆಸ್ಪತ್ರೆ ಗೇಟಿನಲ್ಲಿ ಇಳಿಸಿದರೆ ಆ ದಿನದ ಕೆಲಸ ಆಗುತ್ತದೆ. ಮುಂದಿನ ಸಲ ನೀವು ನಿಜವಾಗಿ ಧರ್ಮಸ್ಥಳಕ್ಕೆ ಕರೆದರೂ ಬರುವುದಿಲ್ಲ. ಈ ಕಾಯಿಲೆಗಳಲ್ಲಿ ಮುಂದಿನ ಸಲ ಅನ್ನುವುದು ಸಾಮಾನ್ಯವಾಗಿ ಇರುತ್ತದೆ. ಇನ್ನೊಂದು, ಕಾಫಿಯಲ್ಲಿ, ಸಾರಿನಲ್ಲಿ ಮಾತ್ರೆ ಬೆರೆಸುವುದು. ಮೊದಲೇ "ನನಗೆ ವಿಷ ಹಾಕ್ತಾರೆ" ಎಂಬ ಸಂಶಯ ಇರುವವರಿಗೆ ಒಮ್ಮೆ ಇದು ಗೊತ್ತಾದರೆ ಆ ಸಂಶಯವನ್ನು ನೀವೇ ನಿಜ ಮಾಡಿಕೊಟ್ಟಂತೆ. ಆಮೇಲೆ ಮನೆಯ ಊಟವನ್ನೇ ಬಿಡುತ್ತಾರೆ.

3. ಪ್ರತಿನಿಧಿ ಯಾರೆಂದು ತೀರ್ಮಾನವಾಗಲಿ

ಹದಿನೆಂಟು ತುಂಬಿದ ಯಾರೇ ಆದರೂ ತಮ್ಮ ಪ್ರತಿನಿಧಿ ಯಾರೆಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ಇಡಬಹುದು. ಹಾಗೆ ಬರೆದಿದ್ದರೆ ಅವರೇ ಪ್ರತಿನಿಧಿ, ಹೆತ್ತವರೇ ಅಡ್ಡ ಬಂದರೂ ಸರಿ. ಬರೆದಿಲ್ಲದಿದ್ದರೆ ಸಂಬಂಧಿಕರು, ಅವರಿಲ್ಲದಿದ್ದರೆ ನೋಡಿಕೊಳ್ಳುತ್ತಿರುವವರು. ಅವರೂ ಇಲ್ಲದಿದ್ದರೆ ಮಂಡಳಿ ಒಬ್ಬರನ್ನು ನೇಮಿಸುತ್ತದೆ.

ಆಸ್ಪತ್ರೆಗೆ ಹೊರಡುವ ಮೊದಲೇ ಮನೆಯಲ್ಲಿ ಒಬ್ಬರ ಹೆಸರು ಗಟ್ಟಿ ಮಾಡಿಕೊಳ್ಳಿ. ಕ್ಯಾಶುವಾಲ್ಟಿಯಲ್ಲಿ ಅಣ್ಣ ಸೇರಿಸಿ ಅನ್ನುವುದು, ಹೆಂಡತಿ ಬೇಡ ಅನ್ನುವುದು, ಮಧ್ಯೆ ರೋಗಿ ಎದ್ದು ಹೊರಟುಬಿಡುವುದು, ಇವೆಲ್ಲ ಆಗುತ್ತವೆ. ಪ್ರತಿನಿಧಿಯಾಗುವವರಿಗೆ ಓಡಾಡುವ ಪುರುಸೊತ್ತೂ ಇರಬೇಕು. ದುಬೈಯಲ್ಲಿರುವ ಮಗನಿಗಿಂತ ಇಲ್ಲೇ ಇರುವ ಅಳಿಯ ವಾಸಿ.

ಪ್ರತಿನಿಧಿಯೇ ಸಮಸ್ಯೆಯಾದರೆ? ಡೈವೋರ್ಸ್ ಕೇಸಿಗೆ ದಾಖಲೆ ಬೇಕು ಎಂದು ಹೆಂಡತಿಯನ್ನು ಸೇರಿಸಲು ಹೊರಟ ಗಂಡ, ಆಸ್ತಿ ಪಾಲಿನ ಹೊತ್ತಿಗೆ ಸರಿಯಾಗಿ ತಮ್ಮನಿಗೆ ಹುಚ್ಚು ಎನ್ನುವ ಅಣ್ಣ. ಇಂಥವರ ಬದಲಿಗೆ ಬೇರೆಯವರನ್ನು ನೇಮಿಸಿ ಎಂದು ಮಂಡಳಿಗೆ ಅರ್ಜಿ ಕೊಡಬಹುದು. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರೂ ಕಾನೂನಿನ ಕಣ್ಣಲ್ಲಿ 'ಚಿತ್ತಸ್ವಾಸ್ಥ್ಯ ಇಲ್ಲದವರು' ಆಗುವುದಿಲ್ಲ. ಅದನ್ನು ಕೋರ್ಟೇ ಘೋಷಿಸಬೇಕು. ಅಡ್ಮಿಷನ್ ಚೀಟಿ ತೋರಿಸಿ ಆಸ್ತಿಯ ಹಕ್ಕು ಕಸಿಯಲು ಆಗುವುದಿಲ್ಲ.

4. ಜೊತೆಗೆ ಒಯ್ಯಬೇಕಾದದ್ದು

ಹಳೆಯ ಚೀಟಿಗಳು, ಮಾತ್ರೆಯ ಖಾಲಿ ಪಟ್ಟಿಗಳು, ಹಿಂದೆ ಎಲ್ಲಾದರೂ ಸೇರಿದ್ದರೆ ಆ ಡಿಸ್ಚಾರ್ಜ್ ಸಮ್ಮರಿ. ರೋಗಿ, ಪ್ರತಿನಿಧಿ ಇಬ್ಬರದ್ದೂ ಗುರುತಿನ ಚೀಟಿ. ಬಿಪಿಎಲ್ ಕಾರ್ಡ್ ಇದ್ದರೆ ಅದು. ಆರೋಗ್ಯ ವಿಮೆ ಇದ್ದರೆ ಅದನ್ನೂ ತನ್ನಿ. ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು ಈ ಕಾಯ್ದೆಯೇ ಹೇಳುತ್ತದೆ.

ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಒಂದು ಹಾಳೆ. ಏನಾಯಿತು, ಯಾವ ದಿನ ಆಯಿತು ಎಂದು ಅದರಲ್ಲಿ ಬರೆಯಿರಿ. "ತುಂಬಾ ವಯಲೆಂಟ್" ಎಂದು ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. "ಸೋಮವಾರ ರಾತ್ರಿ ಅಪ್ಪನ ಮೇಲೆ ಕುರ್ಚಿ ಎಸೆದ, ಅಪ್ಪನ ಭುಜಕ್ಕೆ ಪೆಟ್ಟಾಯಿತು" ಎಂದು ಬರೆಯಿರಿ. ಸೇರಿಸಲೇಬೇಕು ಎಂಬ ಆತುರದಲ್ಲಿ ಉಪ್ಪು ಖಾರ ಹಚ್ಚಬೇಡಿ. ನೀವು ಹೇಳಿದ್ದು ಕೇಸ್ ಶೀಟಿನಲ್ಲಿ ಉಳಿಯುತ್ತದೆ. ತನ್ನ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕು ರೋಗಿಗಿದೆ.

5. ಆಸ್ಪತ್ರೆಯಲ್ಲಿ ಇಬ್ಬರು ನೋಡಬೇಕು

ಪ್ರತಿನಿಧಿ ಅರ್ಜಿ ಕೊಟ್ಟ ಮೇಲೆ ಇಬ್ಬರು ಬೇರೆ ಬೇರೆಯಾಗಿ ರೋಗಿಯನ್ನು ಪರೀಕ್ಷೆ ಮಾಡಬೇಕು. ಒಬ್ಬರು ಮನೋವೈದ್ಯರೇ ಆಗಿರಬೇಕು. ಇನ್ನೊಬ್ಬರು ಮಾನಸಿಕ ಆರೋಗ್ಯ ತಜ್ಞರು ಅಥವಾ ಬೇರೆ ವೈದ್ಯರು. ಸೇರಿಸುವ ದಿನ ಅಥವಾ ಅದರ ಹಿಂದಿನ ಏಳು ದಿನದೊಳಗೆ ಈ ಪರೀಕ್ಷೆ ಆಗಿರಬೇಕು. ರೋಗಿಯನ್ನು ನೋಡದೆ, ಮನೆಯವರ ಮಾತು ಕೇಳಿ ಸೇರಿಸಿಕೊಳ್ಳುವಂತಿಲ್ಲ.

ಇಬ್ಬರಿಗೂ ಕೆಳಗಿನ ಮೂರರಲ್ಲಿ ಒಂದಾದರೂ ಕಾಣಬೇಕು:

• ಇತ್ತೀಚೆಗೆ ತನಗೆ ತಾನೇ ಹಾನಿ ಮಾಡಿಕೊಳ್ಳಲು ಪ್ರಯತ್ನಿಸಿದ್ದು ಅಥವಾ ಹಾಗೆ ಬೆದರಿಸಿದ್ದು.
• ಬೇರೆಯವರ ಮೇಲೆ ಕೈ ಮಾಡಿದ್ದು ಅಥವಾ ಕೈ ಮಾಡುತ್ತಾರೆಂಬ ಭಯ ಹುಟ್ಟಿಸಿದ್ದು.
• ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಲುಕಿರುವುದು.

ಜೊತೆಗೆ, ಇದಕ್ಕಿಂತ ಕಡಿಮೆ ಕಟ್ಟುಪಾಡಿನ ದಾರಿ ಈಗ ಇಲ್ಲ ಎಂದೂ, ಸ್ವತಃ ನಿರ್ಧಾರ ಮಾಡುವ ಸ್ಥಿತಿಯಲ್ಲಿ ರೋಗಿ ಇಲ್ಲ ಎಂದೂ ಅವರಿಗೆ ಅನಿಸಬೇಕು.

ಆ "ಸ್ಥಿತಿ" ಅಂದರೇನು? ಹೇಳಿದ್ದು ಅರ್ಥವಾಗಬೇಕು. ಸೇರಿದರೆ ಏನು, ಸೇರದಿದ್ದರೆ ಏನು ಎಂದು ತಿಳಿಯಬೇಕು. ತನ್ನ ತೀರ್ಮಾನವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಲು ಆಗಬೇಕು. ಇಷ್ಟಿದ್ದರೆ ಆ ವ್ಯಕ್ತಿಗೆ ಸಾಮರ್ಥ್ಯ ಇದೆ. ಅವರ ತೀರ್ಮಾನ ನಮಗೆ ತಪ್ಪು ಎಂದು ಕಂಡರೆ ಅದು ಸಾಮರ್ಥ್ಯ ಇಲ್ಲ ಎನ್ನುವುದಕ್ಕೆ ಆಧಾರ ಆಗುವುದಿಲ್ಲ. ಮನೆಯವರಿಗೆ ಅತಿ ಕಷ್ಟದ ಜಾಗ ಇದು. ಕಾಯಿಲೆ ಇದೆ, ಮಾತ್ರೆ ಬೇಕು, ಆದರೂ ಆತ ಎಲ್ಲವನ್ನೂ ಅರ್ಥ ಮಾಡಿಕೊಂಡು "ಬೇಡ" ಅನ್ನುತ್ತಿದ್ದಾನೆ. ಆಗ ಡಾಕ್ಟರು ಸೇರಿಸಿಕೊಳ್ಳದೆ ಓಪಿಡಿಗೆ ಬನ್ನಿ ಎಂದು ಕಳಿಸಬಹುದು. ಅವರು ಕೈಚೆಲ್ಲಿದರು ಎಂದು ತಿಳಿಯಬೇಡಿ. ಮುಂದಿನ ಓಪಿಡಿ ದಿನ ಕೇಳಿಕೊಳ್ಳಿ, ಪರಿಸ್ಥಿತಿ ಬಿಗಡಾಯಿಸಿದರೆ ಯಾವ ಲಕ್ಷಣ ಕಂಡಾಗ ವಾಪಸ್ ಬರಬೇಕು ಎಂದು ಬರೆಸಿಕೊಳ್ಳಿ. ಮಗ ಹೇಳಿದ ಹಾಗೆ ಕೇಳುವುದಿಲ್ಲ, ಬೇರೆ ಜಾತಿಯವಳನ್ನು ಮದುವೆ ಆಗುತ್ತೇನೆ ಅನ್ನುತ್ತಾನೆ ಎಂಬ ಕಾರಣಕ್ಕಂತೂ ಯಾರನ್ನೂ ಸೇರಿಸುವಂತಿಲ್ಲ. ಮನೆತನದ ರೀತಿ ನೀತಿಗೆ ಒಗ್ಗದಿರುವುದು ಕಾಯಿಲೆಯಲ್ಲ ಎಂದು ಕಾಯ್ದೆಯಲ್ಲೇ ಇದೆ.

6. ಸಹಿ ಹಾಕುವ ಮುನ್ನ

ಖಾಲಿ ಫಾರಂಗೆ ಸಹಿ ಹಾಕಬೇಡಿ. ಯಾವ ಸೆಕ್ಷನ್ ಕೆಳಗೆ ಸೇರಿಸಿಕೊಳ್ಳುತ್ತಿದ್ದೀರಿ ಎಂದು ಕೇಳಿ. 86 ಎಂದರೆ ರೋಗಿ ತಾನೇ ಒಪ್ಪಿ ಸೇರಿದ್ದು. 89 ಎಂದರೆ ನಿಮ್ಮ ಅರ್ಜಿಯ ಮೇಲೆ ಸೇರಿದ್ದು. ವ್ಯತ್ಯಾಸ ದೊಡ್ಡದು. 86ರ ಕೆಳಗೆ ಸೇರಿದವರು ಡಿಸ್ಚಾರ್ಜ್ ಕೇಳಿದರೆ ಬಿಡಬೇಕು. ಅಪಾಯ ಕಂಡರೆ ಮಾತ್ರ, 89ರ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು. ರೋಗಿಯ ಕೈಹಿಡಿದು ಹೆಬ್ಬೆಟ್ಟು ಒತ್ತಿಸಿ 86 ಎಂದು ತೋರಿಸುವುದು ಕೆಲವು ಕಡೆ ನಡೆಯುತ್ತದೆ. ಅದರಿಂದ ಮಂಡಳಿಗೆ ವರದಿ ಹೋಗುವುದು ತಪ್ಪುತ್ತದೆ. ರೋಗಿಗೆ ಇರುವ ರಕ್ಷಣೆಯೇ ಹೋಯಿತು. ಹಾಗೆ ಮಾಡಲು ಬಿಡಬೇಡಿ.

89ರಲ್ಲಿ ಸೇರಿದ ಮೇಲೆ ಚಿಕಿತ್ಸೆಗೂ ತಾತ್ಕಾಲಿಕವಾಗಿ ನೀವು ಒಪ್ಪಿಗೆ ಕೊಡಬೇಕಾಗಬಹುದು. ಆದರೆ ರೋಗಿಗೆ ಸ್ವತಃ ಒಪ್ಪಿಗೆ ಕೊಡುವ ಸಾಮರ್ಥ್ಯ ಬಂತಾ ಎಂದು ವೈದ್ಯರು ಏಳು ದಿನಕ್ಕೊಮ್ಮೆ ನೋಡಬೇಕು. ಬಂದಿದ್ದರೆ ಆ ಹೊತ್ತಿನಿಂದ ಕೇಳಬೇಕಾದದ್ದು ಅವರನ್ನು, ನಿಮ್ಮನ್ನಲ್ಲ. ಇದನ್ನು ನೀವೇ ನೆನಪು ಮಾಡಿ. ವಾರ್ಡಿನ ಗಡಿಬಿಡಿಯಲ್ಲಿ ಏಳು ದಿನ ಹತ್ತಾಗುವುದು ಏನೂ ಆಶ್ಚರ್ಯವಲ್ಲ.

ಈ ದಾಖಲಾತಿಯನ್ನು ಆಸ್ಪತ್ರೆ ಏಳು ದಿನದೊಳಗೆ ಮಂಡಳಿಗೆ ತಿಳಿಸಬೇಕು. ಹೆಣ್ಣುಮಕ್ಕಳು ಮತ್ತು ಅಪ್ರಾಪ್ತರಾದರೆ ಮೂರೇ ದಿನ.

7. ಒಳಗೆ ಇರುವಾಗ

ಇದನ್ನು ರೋಗಿಗೇ ಓದಿ ಹೇಳಿ. ಸ್ವಂತ ಬಟ್ಟೆ ಹಾಕಿಕೊಳ್ಳಬಹುದು, ಸಮವಸ್ತ್ರದ ಬಲವಂತ ಇಲ್ಲ. ತಲೆ ಬೋಳಿಸುವಂತಿಲ್ಲ. ಬಲವಂತದ ಕೆಲಸ ಇಲ್ಲ. ನೋಡಲು ಬಂದವರನ್ನು ಭೇಟಿ ಮಾಡಬಹುದು, ಬೇಡ ಎಂದರೆ ನಿರಾಕರಿಸಲೂಬಹುದು. ನಿರಾಕರಿಸಿದ್ದು ನಿಮ್ಮನ್ನೇ ಆದರೆ ಬೇಜಾರಾಗುತ್ತದೆ, ಆದರೂ ಅದು ಅವರ ಹಕ್ಕು.

ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುವಂತಿಲ್ಲ. ಕಟ್ಟಿಹಾಕುವುದು ಬೇರೆ ದಾರಿಯೇ ಇಲ್ಲದಾಗ, ಆ ಕ್ಷಣದ ಅಪಾಯ ತಪ್ಪಿಸಲು ಮಾತ್ರ. ಅದಕ್ಕೆ ಮನೋವೈದ್ಯರ ಅನುಮತಿ ಬೇಕು, ಕಾರಣ ಬರೆದಿಡಬೇಕು. ಶಿಕ್ಷೆಗಾಗಿ ಕಟ್ಟುವಂತಿಲ್ಲ. ಸರಪಳಿ ಯಾವ ರೂಪದಲ್ಲೂ ಇಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಹತ್ತಿರ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದಾಗ 28 ಮಂದಿ ಸತ್ತರು. ಸರಪಳಿ ಬಿಗಿದಿದ್ದರಿಂದ ಅವರಿಗೆ ಓಡಲು ಆಗಲಿಲ್ಲ. ದರ್ಗಾ, ದೇವಸ್ಥಾನ, ಮಠ ಎಲ್ಲಿಗೇ ಹರಕೆಗೆ ಹೋದರೂ ಸರಿ, ಕಟ್ಟಿಹಾಕಿ ಇಡುವ ಕಡೆ ಬಿಟ್ಟು ಬರಬೇಡಿ.

ಶಾಕ್ ಟ್ರೀಟ್‌ಮೆಂಟ್ ಬಗ್ಗೆ ಹೆದರಿಕೆ ಜಾಸ್ತಿ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡುವುದು ನಿಷಿದ್ಧ. ಸರಿಯಾಗಿ ಕೊಟ್ಟರೆ ತೀವ್ರ ಖಿನ್ನತೆಯಲ್ಲಿ ಜೀವ ಉಳಿಸುವ ಚಿಕಿತ್ಸೆ ಅದು. ಹಾಗಾಗಿ ಹೆಸರು ಕೇಳಿಯೇ ಬೇಡ ಅನ್ನಬೇಡಿ. ಯಾಕೆ, ಎಷ್ಟು ಸಲ, ಬೇರೆ ದಾರಿ ಏನು ಎಂದು ಕೇಳಿ. ಹದಿನೆಂಟರ ಒಳಗಿನವರಿಗೆ ಮಂಡಳಿಯ ಮುಂಗಡ ಅನುಮತಿ ಇಲ್ಲದೆ ಕೊಡುವಂತಿಲ್ಲ.

ಸೇರಿಸಿದ್ದೇ ತಪ್ಪು ಎಂದು ಅನಿಸಿದರೆ ರೋಗಿ ನೇರವಾಗಿ ಮಂಡಳಿಗೆ ಅರ್ಜಿ ಬರೆಯಬಹುದು. ಪ್ರತಿನಿಧಿಯೂ ಬರೆಯಬಹುದು. ಏಳು ದಿನದೊಳಗೆ ಮಂಡಳಿ ತೀರ್ಮಾನ ಹೇಳಬೇಕು. ವಕೀಲರ ಖರ್ಚಿಲ್ಲ, ಉಚಿತ ಕಾನೂನು ನೆರವು ರೋಗಿಯ ಹಕ್ಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಂಡಳಿಯ ತೀರ್ಮಾನ ಒಪ್ಪದಿದ್ದರೆ ಹೈಕೋರ್ಟಿಗೆ 30 ದಿನದೊಳಗೆ ಮೇಲ್ಮನವಿ ಇದೆ.

8. ಮೂವತ್ತು ದಿನ ತುಂಬಿದಾಗ

89ರ ಅವಧಿ ಹೆಚ್ಚೆಂದರೆ 30 ದಿನ. ಅಗತ್ಯ ಮುಗಿದರೆ ಅದಕ್ಕೂ ಮೊದಲೇ ಬಿಡಬೇಕು. ಇನ್ನೂ ಇರಿಸಬೇಕಾದರೆ 90ನೇ ಸೆಕ್ಷನ್. ಆಗ ಇಬ್ಬರು ಮನೋವೈದ್ಯರೇ ನೋಡಬೇಕು, ಮಂಡಳಿ ಒಪ್ಪಬೇಕು. ಮೊದಲ ಸಲ 90 ದಿನದವರೆಗೆ, ಆಮೇಲೆ 120, ಆಮೇಲೆ ಒಂದೊಂದು ಸಲಕ್ಕೆ 180.

"ಮನೆಗೆ ಕರೆದುಕೊಂಡು ಹೋಗಲ್ಲ, ಅಲ್ಲೇ ಇರಲಿ" ಎನ್ನುವವರಿಗೆ: ಮನೆಯವರು ಬೇಡ ಅಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ನಿಮ್ಮ ಕಷ್ಟ ನಿಜ ಇರಬಹುದು. ಅದನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಮೊದಲ ವಾರದಲ್ಲೇ ಹೇಳಿ, ಡಿಸ್ಚಾರ್ಜ್ ದಿನ ಫೋನ್ ಸ್ವಿಚ್ ಆಫ್ ಮಾಡಬೇಡಿ. ಮನೆಗೆ ಬಂದ ಮೇಲಿನ ಚಿಕಿತ್ಸೆ ಹೇಗೆ ಎಂದು ನಿಮ್ಮನ್ನೂ ರೋಗಿಯನ್ನೂ ಕೂರಿಸಿ ಮಾತಾಡುವುದು ಡಾಕ್ಟರ ಕರ್ತವ್ಯ. ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಅಲ್ಲೇ ಕೇಳಿಕೊಳ್ಳಿ. ಪ್ರತಿ ತಿಂಗಳೂ ಬೆಂಗಳೂರಿಗೋ ಧಾರವಾಡಕ್ಕೋ ಓಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಕುಡಿತ ಬಿಡಿಸುವ ಕೇಂದ್ರದ ವ್ಯಾನು

ಇದನ್ನು ಬೇರೆಯಾಗಿ ಹೇಳಲೇಬೇಕು. "ಫೋನ್ ಮಾಡಿದರೆ ನಮ್ಮ ಹುಡುಗರು ಬಂದು ಎತ್ತಿಕೊಂಡು ಹೋಗ್ತಾರೆ, ಆರು ತಿಂಗಳು ಬಿಡಿ, ಫೋನ್ ಕೊಡಲ್ಲ, ಭೇಟಿ ಇಲ್ಲ" ಎನ್ನುವ ಕೇಂದ್ರಗಳಿವೆ. ಕುಡಿತ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಇದೇ ಕಾಯ್ದೆಯೊಳಗೆ ಬರುತ್ತವೆ. ಅಂದರೆ ಇಬ್ಬರ ಪರೀಕ್ಷೆ, 30 ದಿನ, ಮಂಡಳಿ, ಎಲ್ಲವೂ ಅಲ್ಲಿಗೂ ಅನ್ವಯ. ಹಣ ಕಟ್ಟುವ ಮೊದಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎನ್ನಿ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೇ 5,000ದಿಂದ 50,000 ರೂಪಾಯಿವರೆಗೆ ದಂಡ ಇದೆ. ಮನೋವೈದ್ಯರ ಹೆಸರೇನು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎಂದು ಕೇಳಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ವೈದ್ಯರಿಲ್ಲದ ಕಡೆ ಬೀಗ ಹಾಕಿ ಕುಡಿತ ಬಿಡಿಸುವುದು ಅದಕ್ಕೇ ಅಪಾಯ.

9. ಗುಣವಾದ ಮೇಲೆ ಕೂತು ಬರೆಯಿರಿ

ಎಲ್ಲ ಸರಿಹೋಗಿ ಮನೆಯಲ್ಲಿ ನಗು ಬಂದಾಗ ಈ ಕೆಲಸ ಯಾರಿಗೂ ಬೇಡ. ಮಾಡಬೇಕಾದದ್ದು ಆಗಲೇ. ಇದರ ಹೆಸರು 'ಮುಂಗಡ ನಿರ್ದೇಶನ'. ಮುಂದೆ ಕಾಯಿಲೆ ಮರುಕಳಿಸಿ ತೀರ್ಮಾನ ಮಾಡಲಾಗದಿದ್ದರೆ ಹೇಗೆ ನೋಡಿಕೊಳ್ಳಬೇಕು, ಏನು ಮಾಡಬಾರದು, ಪ್ರತಿನಿಧಿ ಯಾರು ಎಂದು ರೋಗಿಯೇ ಬರೆದಿಡುವ ಪತ್ರ. ನಿಗದಿತ ನಮೂನೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಮಂಡಳಿಯಲ್ಲಿ ನೋಂದಾಯಿಸಬೇಕು. ಯಾವಾಗ ಬೇಕಾದರೂ ಬದಲಿಸಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಇದು ಅನ್ವಯ ಆಗುವುದಿಲ್ಲ. ವೈದ್ಯರಿಗೋ ಮನೆಯವರಿಗೋ ಇದನ್ನು ಪಾಲಿಸಲು ಆಗದು ಅನಿಸಿದರೆ ಮಂಡಳಿಯನ್ನು ಕೇಳಬೇಕು, ತಾವೇ ಮೀರುವಂತಿಲ್ಲ.

ನೀವು ಹೇಳಿ ಬರೆಸಬೇಡಿ, ಅವರೇ ಬರೆಯಲಿ. ದೊಡ್ಡ ಭಾಷೆ ಬೇಕಾಗಿಲ್ಲ. "ಆ ಮಾತ್ರೆ ತಗೊಂಡರೆ ನನ್ನ ಕೈ ನಡುಗುತ್ತದೆ, ಬೇರೆ ಕೊಡಿ. ನನ್ನನ್ನು ಅಕ್ಕ ಕರೆದುಕೊಂಡು ಹೋಗಲಿ, ಚಿಕ್ಕಪ್ಪ ಬೇಡ. ಆಫೀಸಿಗೆ ಜ್ವರ ಅಂತ ಹೇಳಿ. ಫೋನ್ ನನ್ನ ಹತ್ತಿರವೇ ಇರಲಿ." ಇಷ್ಟಿದ್ದರೂ ಸಾಕು. ಒಂದು ಪ್ರತಿ ಪ್ರತಿನಿಧಿಯ ಹತ್ತಿರ, ಒಂದು ಹಳೆಯ ಚೀಟಿಗಳ ಫೈಲಿನಲ್ಲಿ ಇಡಿ. ಫೈಲು ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.